ಕೋಟೆಕೇರಿಯ ರಕ್ತ

ಆ ನಗರದಲ್ಲಿ ಉಳಿದ ಕೇರಿಗಳಿಗೆಲ್ಲ ದಾರಿಯಿತ್ತು, ಕೋಟೆಕೇರಿಗೆ ಬಾಗಿಲಿತ್ತು. ಅಲ್ಲಿಯವರು ಎಷ್ಟೋ ತಲೆಮಾರುಗಳಿಂದ ಹೆಣ್ಣು ಕೊಟ್ಟದ್ದೂ ತಂದದ್ದೂ ಆ ಬಾಗಿಲ ಒಳಗೇ. ಹೊಳೆಯಂಚಿನ ಹೊರಕೇರಿಗೆ ಮಾತ್ರ ದೋಣಿಯವರು, ಉಪ್ಪು ಮಾರುವವರು, ಎಲ್ಲಿಂದಲೋ ಓಡಿಬಂದವರು ಸೇರಿಕೊಂಡಿದ್ದರು. ಯಾರ ಅಜ್ಜಿ ಯಾವ ಊರಿನವಳೆಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ.

ಕೋಟೆಕೇರಿಯ ಕೆಲವು ಮಕ್ಕಳು ನಡೆಯಲು ಕಲಿತ ಮೇಲೆ ನಡೆಯುವುದನ್ನು ಮರೆಯುತ್ತಿದ್ದವು. ಮೊದಲು ಕಾಲು ಸೋಲುತ್ತಿತ್ತು, ಆಮೇಲೆ ಕೈ, ಕೊನೆಗೆ ಉಸಿರು. ದೊಡ್ಡವರು ದೃಷ್ಟಿ ತಾಗಿತೆಂದು ಮಕ್ಕಳನ್ನು ಒಳಕೋಣೆಯಲ್ಲಿ ಮುಚ್ಚಿಡುತ್ತಿದ್ದರು. ಸೌದಾಮಿನಿಯ ತಂಗಿ ವಿನುತೆ ಅಂಥದೊಂದು ಕೋಣೆಯಲ್ಲಿ ತೀರಿಕೊಂಡಳು. ಹಾಲಿನ ಲೋಟ ಹಿಡಿಯಲಾರದೆ ಅವಳು ಅಕ್ಕನ ಮುಖ ನೋಡುತ್ತಿದ್ದಳು.

ಸೌದಾಮಿನಿ ಹಟ ಮಾಡಿ ವಿಶ್ವವಿದ್ಯಾಲಯಕ್ಕೆ ಸೇರಿದಳು. ಜೀವಕೋಶದೊಳಗಿನ ವಂಶವಾಹಿಗಳನ್ನು ಓದುವ ವಿದ್ಯೆ ಕಲಿತಳು. ಇದು ಕೇರಿಯ ಯಜಮಾನ ಭುಜಬಲಯ್ಯನ ಕಿವಿಗೆ ಬಿತ್ತು.

“ನಮ್ಮದು ಬೆರಕೆಯಿಲ್ಲದ ರಕ್ತ ಅಂತ ನಿನ್ನ ವಿದ್ಯೆ ತೋರಿಸಬಲ್ಲುದೇನಮ್ಮ?” ಎಂದು ಕೇಳಿದ.

“ಇರುವುದನ್ನು ತೋರಿಸುತ್ತದೆ, ಅಜ್ಜ.”

ಕೇರಿಗೆ ಕೇರಿಯೇ ಸಾಲುಗಟ್ಟಿ ರಕ್ತ ಕೊಟ್ಟಿತು. ಹೋಲಿಸಿ ನೋಡಲೆಂದು ಅವಳು ಹೊರಕೇರಿಯವರ ರಕ್ತವನ್ನೂ ತಂದಳು.

ಪ್ರತಿ ವಂಶವಾಹಿಯೂ ಜೋಡಿಯಾಗಿರುತ್ತದೆ; ತಾಯಿಯದೊಂದು, ತಂದೆಯದೊಂದು. ಒಂದು ಕೆಟ್ಟಿದ್ದರೆ ಇನ್ನೊಂದು ಕೆಲಸ ನಡೆಸಿಕೊಂಡು ಹೋಗುತ್ತದೆ. ಹೊರಕೇರಿಯವರಲ್ಲೂ ಒಬ್ಬೊಬ್ಬರಲ್ಲಿ ಒಂದೊಂದು ಬೇರೆ ವಂಶವಾಹಿ ಕೆಟ್ಟಿತ್ತು. ಕೋಟೆಕೇರಿಯಲ್ಲಾದರೋ ಮನೆಮನೆಯಲ್ಲೂ ಕೆಟ್ಟದ್ದು ಅದೇ ಒಂದು. ತಾಯಿತಂದೆ ಇಬ್ಬರಿಂದಲೂ ಕೆಟ್ಟದ್ದೇ ಬಂದ ಮಗುವಿಗೆ ಆಸರೆ ಇರಲಿಲ್ಲ. ಸೌದಾಮಿನಿ ತನ್ನ ರಕ್ತವನ್ನೂ, ತಾನು ಮದುವೆಯಾಗಬೇಕಿದ್ದ ಸೋದರಮಾವನ ಮಗನ ರಕ್ತವನ್ನೂ ನೋಡಿದಳು. ಇಬ್ಬರಲ್ಲೂ ಅದಿತ್ತು.

ಸಭೆ ಸೇರಿತು. “ನಮ್ಮ ರಕ್ತದಲ್ಲಿ ಬೆರಕೆಯಿಲ್ಲ, ನಿಜ,” ಎಂದಳು. ಚಪ್ಪಾಳೆ ನಿಲ್ಲುವವರೆಗೂ ಕಾಯಬೇಕಾಯಿತು. “ನಮ್ಮ ಮಕ್ಕಳನ್ನು ಕೊಲ್ಲುತ್ತಿರುವುದೂ ಅದೇ. ಹೊರಗಿನಿಂದ ಹೆಣ್ಣುಗಂಡು ತಂದರೆ ಮಕ್ಕಳು ಉಳಿಯುತ್ತವೆ.”

ಭುಜಬಲಯ್ಯ ನಿಧಾನವಾಗಿ ಎದ್ದ.

“ಹಾಗಾದರೆ ಈ ಕಾಯಿಲೆ ಹೊರಕೇರಿಯವರಿಗೆ ಇಲ್ಲ?”

“ಇಲ್ಲ.”

“ನಮಗೆ ಮಾತ್ರ?”

“ನಮಗೆ ಮಾತ್ರ.”

ಮುದುಕನ ಕಣ್ಣು ತುಂಬಿತು. “ನನ್ನ ಮೊಮ್ಮಗಳು ಯಾರದೋ ದೃಷ್ಟಿಗೆ ಸತ್ತಳು ಅಂದುಕೊಂಡಿದ್ದೆ. ಅಲ್ಲ! ಕುಲದ ಗುರುತು ಹೊತ್ತು ಹೋದಳು.”

ಅಂದಿನಿಂದ ಆ ಕಾಯಿಲೆಗೆ ಕುಲಚಿಹ್ನೆ ಎಂಬ ಹೆಸರು ಬಂತು. ಒಳಕೋಣೆಯ ಮಕ್ಕಳನ್ನು ಹೊರಗೆ ತಂದು, ರೇಷ್ಮೆ ಉಡಿಸಿ, ಸಮಾರಂಭಗಳಲ್ಲಿ ಮುಂದಿನ ಸಾಲಿನಲ್ಲಿ ಕೂರಿಸಿದರು. ಅಂಥ ಮಗುವಿಲ್ಲದ ಮನೆಯವರು ತಲೆ ತಗ್ಗಿಸಿ ನಡೆಯತೊಡಗಿದರು.

ಸೌದಾಮಿನಿ ಮದುವೆ ಒಲ್ಲೆನೆಂದಳು. “ಬಾಗಿಲು ದಾಟಿದರೆ ತಿರುಗಿ ಬರಬೇಡ,” ಎಂದಳು ತಾಯಿ. ಹಾಗೆ ಹೇಳುತ್ತಲೇ ಮಗಳ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಸೌದಾಮಿನಿ ಆ ಬೆರಳುಗಳನ್ನು ಮೆಲ್ಲಗೆ ಬಿಡಿಸಿ ಹೊರಟಳು. ವಿಶ್ವವಿದ್ಯಾಲಯದಲ್ಲೇ ಉಳಿದು, ತನ್ನ ಮಾತು ಕೇಳಲು ಯಾರಾದರೂ ಬಂದಾರೆಂದು ಕಾದಳು.

ಕೊನೆಗೊಮ್ಮೆ ಹೊರಕೇರಿಯ ಹಿರಿಯ, ದೋಣಿ ನಡೆಸುವ ಮಾಚಯ್ಯ ಬಂದ. ಅವಳು ಸಂತೋಷದಿಂದ ಎದ್ದು ಕೂರಿಸಿದಳು.

“ನಿಮ್ಮ ಕೇರಿಯಲ್ಲಿ ಯಾರಿಗಾದರೂ ಹುಷಾರಿಲ್ಲವೇ?”

“ಮಕ್ಕಳೆಲ್ಲಾ ಗಟ್ಟಿಮುಟ್ಟಾಗವೆ, ತಾಯಿ. ಹೊಳೆ ಈಜಿ ಆಚೆ ದಡ ಮುಟ್ತವೆ. ಅದೇ ನಮಗೆ ನಾಚಿಕೆ,” ಎಂದ ಮಾಚಯ್ಯ. ಅಂಗವಸ್ತ್ರವನ್ನು ಮಡಿಲಲ್ಲಿ ಹಿಂಡುತ್ತ ದನಿ ತಗ್ಗಿಸಿದ. “ನಾವೂ ಕೇರಿಗೆ ಬಾಗಿಲು ಇಡಿಸಿದ್ದೀವಿ. ಆ ಕಾಯಿಲೆ ನಮ್ಮ ಮಕ್ಕಳಿಗೂ ಬರಬೇಕಾದರೆ ಇನ್ನೆಷ್ಟು ತಲೆಮಾರು ಕಾಯಬೇಕು?”