ಕಣ್ಣು ಮಾತ್ರ ಬಾಕಿ

ಮೊದಲ ಆರು ತಿಂಗಳು ಮಿಸೆಸ್ ಶೆನ್ ರೊವೀನಾಳ ಕೈಗೆ ಸೂಜಿಯನ್ನೇ ಕೊಡಲಿಲ್ಲ. ಬರೀ ಎಳೆ ಸೀಳುವ ಕೆಲಸ. ಒಂದು ರೇಷ್ಮೆ ದಾರದ ಹುರಿಯನ್ನು ಉಗುರಿನಿಂದ ಬಿಡಿಸಿ ಎರಡು ಮಾಡಬೇಕು, ಎರಡನ್ನು ನಾಲ್ಕು, ಹಾಗೆ ಹದಿನಾರರವರೆಗೆ. ಬೆರಳು ಒಂದಿಷ್ಟು ಒರಟಾದರೂ ಎಳೆ ಚರ್ಮಕ್ಕೆ ಕಚ್ಚಿಕೊಳ್ಳುತ್ತಿತ್ತು. ಹಾಗಾಗಿ ಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸ ಗಂಡ ಆಲ್ರಾಯ್‌ನ ಪಾಲಿಗೆ ಬಿತ್ತು. ಮಂಗಳೂರಿನ ಕಾನ್ವೆಂಟಿನಲ್ಲಿ ಆಲ್ಟಾರಿನ ಬಟ್ಟೆಗೆ ಹೂ ಹಾಕಿ ಸಿಸ್ಟರುಗಳಿಂದ ಹೊಗಳಿಸಿಕೊಂಡ ಕೈ ತನ್ನದು ಎಂಬ ಹೆಮ್ಮೆ ರೊವೀನಾಳಿಗಿತ್ತು. ಆ ಹೆಮ್ಮೆ ಅಷ್ಟರಲ್ಲೇ ಇಳಿಯಿತು.

ಪ್ಯಾರಮಟ್ಟಾ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಮಿಸೆಸ್ ಶೆನ್ ಅವರ ಅಂಗಡಿ. ಮುಂದುಗಡೆ ಪ್ಯಾಂಟು, ಸ್ಕರ್ಟುಗಳ ಆಲ್ಟರೇಷನ್. ಒಳಗಿನ ಕೋಣೆಯಲ್ಲಿ ಮಿಸೆಸ್ ಶೆನ್ ತಮ್ಮ ಊರು ಸುಝೌವಿನಲ್ಲಿ ಏಳನೆಯ ವಯಸ್ಸಿಗೇ ಕಲಿತ ಕಸೂತಿ. ಕಿಟಕಿಯಲ್ಲಿ ಅವರದೇ ಒಂದು ಮೀನು ನಿಂತಿತ್ತು. ತೆಳ್ಳನೆಯ ರೇಷ್ಮೆಯ ಮೇಲೆ ಎರಡೂ ಮುಖಕ್ಕೆ ಮೂಡಿದ ಮೀನು. ಒಳಗಿಂದ ನೋಡಿದರೂ ಬೀದಿಯಿಂದ ನೋಡಿದರೂ ಅದೇ ಹುರುಪೆ, ಅದೇ ಕಣ್ಣು, ಎಲ್ಲಿಯೂ ಒಂದು ಗಂಟಿಲ್ಲ.

ಎರಡು ಸಾವಿರದ ಎಂಟರ ಮೇ ತಿಂಗಳಲ್ಲಿ ಆ ಮೀನಿನ ಮುಂದೆ ಒಬ್ಬರು ಬಹಳ ಹೊತ್ತು ನಿಂತಿದ್ದು ಒಳಗೆ ಬಂದರು. ಐವತ್ತೈದರ ಸುಮಾರು, ಇಸ್ತ್ರಿ ಮಾಡಿದ ಕೋಟು, ಮೆಲುದನಿ. ರೊವೀನಾ ಮಂಗಳೂರಿನವಳೆಂದು ತಿಳಿದೊಡನೆ ಕನ್ನಡಕ್ಕೆ ಇಳಿದರು. ಹೆಸರು ಲಕ್ಷ್ಮೀಶ, ಮೈಸೂರಿನ ಕಡೆಯ ಎಂಜಿನಿಯರ್, ಮೆಲ್ಬರ್ನಿನ ಕ್ಲೈಡ್ ನಾರ್ತ್‌ನಲ್ಲಿ ಹೊಸದಾಗಿ ಮನೆ ಮಾಡಿದ್ದರು.

"ನನ್ನ ಹೆಂಡತಿದು ಒಂದು ಪೋರ್ಟ್ರೇಟ್ ಆಗಬೇಕಿತ್ತು," ಎಂದು ಫೋಟೋ ಇಟ್ಟರು. "ಅನುಸೂಯ ಅಂತ. ಎಷ್ಟುದ್ದ ಕೂದಲಿತ್ತು ನೋಡಿ. ನೀವು ನಿಜವಾದ ಕೂದಲಲ್ಲೂ ಹೊಲೀತೀರಂತೆ. ತಂದಿದ್ದೀನಿ."

ಕಾಗದದ ಪೊಟ್ಟಣ ಬಿಚ್ಚಿದರು. ಕರಿಯ ಕೂದಲು, ತುದಿಗೆ ರಬ್ಬರ್ ಬ್ಯಾಂಡ್.

"ಐಯಾಮ್ ಸಾರಿ, ಸರ್," ಎಂದು ರೊವೀನಾ ಸಂತಾಪ ಹೇಳಿದಳು.

ಅವರು ತಲೆಯಾಡಿಸಿ, ಫೋಟೋವನ್ನು ಬೆರಳಿನಿಂದ ಅವಳತ್ತ ಸರಿಸಿದರು, ಅಷ್ಟೆ.

ಕೂದಲನ್ನು ಸೋಡಾ ನೀರಿನಲ್ಲಿ ಕುದಿಸಿ ಜಿಡ್ಡು ತೆಗೆದರು. ಹಬೆಯೊಂದಿಗೆ ಕೊಬ್ಬರಿ ಎಣ್ಣೆಯ ವಾಸನೆ ಎದ್ದು ರೊವೀನಾಳಿಗೆ ಅಮ್ಮನ ನೆನಪಾಯಿತು. ಹಿಂದಿನ ಕಾಲದ ಹೆಂಗಸರು ಹರಕೆ ಹೊತ್ತು, ತಮ್ಮ ತಲೆಯ ಕೂದಲಿನಿಂದಲೇ ದೇವಿಯ ಚಿತ್ರ ಹೊಲಿಯುತ್ತಿದ್ದರು ಎಂದು ಮಿಸೆಸ್ ಶೆನ್ ಹೇಳಿದರು. ಅವರ ಇಂಗ್ಲಿಷಿನಲ್ಲಿ ವಾಕ್ಯಗಳು ಸಣ್ಣವು. "ತಾನಾಗಿ ಕೊಡಬೇಕು. ಆಗ ಕೂದಲು ಸೂಜಿಗೆ ಒಲಿಯುತ್ತದೆ."

ಮುಖ ನಿಧಾನವಾಗಿ ಮೂಡಿತು. ಕೆನ್ನೆಗೆ ಹದಿನಾರರಲ್ಲೊಂದು ಎಳೆ, ಉದ್ದ ಗಿಡ್ಡ ಹೊಲಿಗೆಗಳು ಒಂದರೊಳಗೊಂದು ಸೇರಿ ಬಣ್ಣ ಎಲ್ಲಿ ಬದಲಾಯಿತೆಂದು ಗೊತ್ತಾಗದ ಹಾಗೆ. ಮೂಗಿನ ನೆರಳಿಗೇ ಒಂಬತ್ತು ಬಣ್ಣ. ಬೈತಲೆಯಿಂದ ಕಿವಿಯವರೆಗೆ ಬರುವಷ್ಟರಲ್ಲಿ ಕೂದಲು ಮುಗಿಯಿತು. ಇನ್ನೂ ಜಡೆ ಬಾಕಿ. ರೊವೀನಾ ಫೋನ್ ಮಾಡಿ ಕೇಳಿದಳು, ಉಳಿದದ್ದು ಏನಾದರೂ ಇದೆಯೇ ಎಂದು.

"ಕಳಿಸ್ತೀನಿ," ಎಂದರು ಲಕ್ಷ್ಮೀಶ.

ನಾಲ್ಕನೆಯ ದಿನ ಪೊಟ್ಟಣ ಬಂತು. ಮಿಸೆಸ್ ಶೆನ್ ಒಂದು ಹಿಡಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿದವರು, ಹಿಡಿದ ಕೈ ಇಳಿಸಲಿಲ್ಲ.

"ಮೊದಲ ಸಲ ಬಂದದ್ದು ಕತ್ತರಿಯಿಂದ ಕತ್ತರಿಸಿದ್ದು," ಎಂದರು. "ಇದು ಹಾಗಲ್ಲ. ಬುಡ ನೋಡು."

ರೊವೀನಾ ನೋಡಿದಳು. ಒಂದೊಂದರ ಬುಡದಲ್ಲೂ ಬಿಳಿಯ ಕಣ, ಕೆಲವಕ್ಕೆ ಒಣಗಿದ ಕಂದು ಚುಕ್ಕೆ.

"ಬಾಚಣಿಗೆಗೆ ಬಂದ ಕೂದಲಿರಬಹುದು, ಆಂಟಿ."

"ಬಾಚಣಿಗೆಯ ಕೂದಲು ಸುತ್ತಿಕೊಂಡಿರುತ್ತದೆ. ಇದು ನೇರ. ಒಂದೇ ಜಾಗದಿಂದ, ಹಿಡಿಯಾಗಿ."

ರೊವೀನಾ ಮೂಸಿದಳು. ಶಾಂಪೂವಿನ ವಾಸನೆ. ಕಾಗದ ಒಂದು ಮೂಲೆಯಲ್ಲಿ ಇನ್ನೂ ಹಸಿಯಾಗಿತ್ತು. ಸತ್ತವರು ತಲೆ ತೊಳೆದುಕೊಳ್ಳುವುದಿಲ್ಲ.

ಆ ಕೂದಲನ್ನು ಮಿಸೆಸ್ ಶೆನ್ ಕುದಿಸಲಿಲ್ಲ, ಹೊಲಿಯಲೂ ಇಲ್ಲ. ಒಂದು ಡಬ್ಬಿಯಲ್ಲಿಟ್ಟು ಮುಚ್ಚಿದರು. ಆಮೇಲೆ ರೊವೀನಾಳಿಂದ ಲಕ್ಷ್ಮೀಶರಿಗೆ ಫೋನ್ ಮಾಡಿಸಿ ಒಂದು ನೆಪ ಹೇಳಿಸಿದರು: ಕಣ್ಣು ಮಾತ್ರ ಬಾಕಿ, ಕಣ್ಣಿಗೆ ಇಪ್ಪತ್ತು ಬಗೆಯ ಕಪ್ಪು, ಕಂದು ಬೇಕು, ಫೋಟೋದಲ್ಲಿ ಅದು ಸಿಗುವುದಿಲ್ಲ, ಮನುಷ್ಯರನ್ನು ನೋಡಿಯೇ ಎಳೆ ಆರಿಸಬೇಕು.

"ಫೋಟೋ ಸಾಲದಾ?" ಎಂದರು ಲಕ್ಷ್ಮೀಶ.

"ಅವರು ಇದ್ದಾರಲ್ಲ, ಸರ್?"

"ಇಲ್ಲ ಅಂತ ನಾನು ಯಾವಾಗ ಹೇಳಿದೆ?" ದನಿ ಮೊದಲಿನಷ್ಟೇ ಮೆಲ್ಲಗಿತ್ತು. "ಶನಿವಾರ ಬನ್ನಿ. ನೀವೊಬ್ಬರೇ ಬನ್ನಿ."

ಆಲ್ರಾಯ್‌ಗೆ ಇದು ಹಿಡಿಸಲಿಲ್ಲ. "ಇನ್ನೊಬ್ಬರ ಮನೆ ವಿಷಯ ನಮಗೆ ಯಾಕೆ? ಪೊಲೀಸಿಗೆ ಹೇಳು, ಬಿಡು," ಎಂದ. ಅವಳು ಹೇಳಿ ನೋಡಿದ್ದಳು. ಪೊಲೀಸರು ಹೋಗಿ ಬಾಗಿಲು ತಟ್ಟಿದ್ದರು. ಹೆಂಗಸು ತಾನೇ ಬಂದು, ಏನೂ ತೊಂದರೆಯಿಲ್ಲ, ತಿರುಪತಿಗೆ ಮುಡಿ ಕೊಟ್ಟೆ ಎಂದಿದ್ದಳಂತೆ.

ಶನಿವಾರ ವಿಮಾನದಲ್ಲಿ ಮೆಲ್ಬರ್ನಿಗೆ ಹೋಗಿ, ರೈಲು ಹತ್ತಿ ಬರ್ವಿಕ್ ಸ್ಟೇಷನ್ನಿನಲ್ಲಿ ಇಳಿದು ರೊವೀನಾ ಟ್ಯಾಕ್ಸಿ ಹಿಡಿದಳು. ಕ್ಲೈಡ್ ನಾರ್ತ್‌ನಲ್ಲಿ ಆಗಷ್ಟೇ ರಸ್ತೆಗಳು ಬೀಳುತ್ತಿದ್ದವು. ಒಂದು ಮನೆ ಮುಗಿದಿದ್ದರೆ ಪಕ್ಕದ ಎರಡು ಬರೀ ಮರದ ಗೂಡು, ಆಚೆಗೆ ಹುಲ್ಲುಬಯಲು. ಕೂಗಿದರೆ ಕೇಳುವವರಿಲ್ಲ. ಡ್ರೈವರಿಗೆ ಕಾಯಲು ಹೇಳಿ ಅವಳು ಬೆಲ್ ಒತ್ತಿದಳು.

ಹಾಲಿನ ಗೋಡೆ ಖಾಲಿಯಿತ್ತು. ನಡುವೆ ಒಂದು ಮೊಳೆ, ಮೊಳೆಗೆ ಗಂಧದ ಹಾರ. ಅದರ ಕೆಳಗೆ ಸಣ್ಣ ಕೆಂಪು ಬಲ್ಬು ಆಗಲೇ ಉರಿಯುತ್ತಿತ್ತು.

"ಚಿತ್ರ ಬರೋ ಜಾಗ," ಎಂದರು ಲಕ್ಷ್ಮೀಶ. "ಹಾರ ಮೈಸೂರಿಂದ ತರಿಸಿದ್ದು. ಎಲ್ಲಾ ರೆಡಿ ಇರಲಿ ಅಂತ."

ರೊವೀನಾ ಬಣ್ಣದ ಎಳೆಗಳನ್ನು ಸುತ್ತಿದ ಕಾರ್ಡನ್ನು ಚೀಲದಿಂದ ತೆಗೆದಳು.

ಆ ಹಾರದ ಕೆಳಗೇ, ಕುರ್ಚಿಯಲ್ಲಿ ಅನುಸೂಯ ಕೂತಿದ್ದಳು. ತಲೆಗೆ ಉಣ್ಣೆಯ ಟೋಪಿ, ಕಿವಿ ಮುಚ್ಚುವಷ್ಟು. ಫೋಟೋದ ಮುಖವೇ, ಆದರೆ ಯಾರೋ ಒಳಗಿನಿಂದ ತುಂಬಿದ್ದನ್ನು ತೆಗೆದ ಹಾಗೆ. ರೊವೀನಾ ಮೊಣಕಾಲೂರಿ ಎಳೆಗಳ ಕಾರ್ಡು ಬಿಚ್ಚಿದಳು. ಒಂದೊಂದು ಎಳೆಯನ್ನೂ ಆಕೆಯ ಕಣ್ಣಿನ ಪಕ್ಕ ಹಿಡಿದಳು: ಹುಣಿಸೆ ಬೀಜದ ಕಂದು, ಕಾಫಿ ಗಸಿಯ ಕಪ್ಪು, ಪಾಪೆಯ ಅಂಚಿಗೆ ಒಂದು ಹಸಿರು ಮಿಶ್ರಿತ ಬೂದಿ. ಇಬ್ಬರ ಮುಖದ ನಡುವೆ ಒಂದು ಗೇಣು. ರೆಪ್ಪೆಯ ಕೆಳಗೆ ಮಾಸಿ ಹಳದಿಯಾಗುತ್ತಿದ್ದ ಪೆಟ್ಟಿನ ಗುರುತು ಕಾಣಿಸಿತು. ಲಕ್ಷ್ಮೀಶ ಸೋಫಾದಲ್ಲಿ ಕೂತು ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

ಅವರ ಮೊಬೈಲು ಬಡಿದುಕೊಂಡಿತು. "ಹಲೋ? ಕೇಳಿಸ್ತಾ ಇಲ್ಲ," ಎಂದು ಎರಡು ಸಲ ಹೇಳಿ, ಸಿಗ್ನಲ್ ಹುಡುಕುತ್ತ ಹಿತ್ತಲ ಗಾಜಿನ ಬಾಗಿಲಿಂದ ಆಚೆ ಹೋದರು. ಅಲ್ಲಿಂದಲೂ ಮುಖ ಈ ಕಡೆಗೇ.

ಅನುಸೂಯ ತುಟಿ ಅಲುಗಿಸದೆ ಮಾತಾಡಿದಳು. "ಮುಗಿಸಬೇಡಿ ಅದನ್ನ."

"ಯಾಕೆ ಆಂಟಿ?"

"ಅದು ಬಂದ್ಮೇಲೆ ಮನೇಲಿ ಒಬ್ಬಳು ಸಾಕು ಅಂತಾರೆ."

ರೊವೀನಾ ಕೈಯಲ್ಲಿದ್ದ ಎಳೆಯನ್ನು ಕಾರ್ಡಿಗೆ ಸುತ್ತಿದಳು. "ಹೊರಗೆ ಟ್ಯಾಕ್ಸಿ ಉಂಟು," ಎಂದಳು. "ನಾನು ಈಗ ಬೆಳಕು ಸಾಲದು ಅಂತ ಹೇಳ್ತೇನೆ. ನೀವು ಸುಮ್ಮನೆ ನನ್ನ ಒಟ್ಟಿಗೆ ಬನ್ನಿ."

"ಪಾಸ್‌ಪೋರ್ಟ್ ಅವರ ಹತ್ರ ಇದೆ."

"ಇರಲಿ."

ರೊವೀನಾ ಎದ್ದು, ಗಾಜಿನ ಕಡೆಗೆ ಎಳೆಯ ಕಾರ್ಡು ಎತ್ತಿ ತೋರಿಸಿ, ಕೈಯಿಂದ ಹೊರಗಿನ ಬಿಸಿಲಿನತ್ತ ಸನ್ನೆ ಮಾಡಿದಳು. ಲಕ್ಷ್ಮೀಶ ಹುಬ್ಬು ಗಂಟಿಕ್ಕಿದರು. ಬೇಡವೆಂದು ಕೈಯಾಡಿಸಿದರು. ರೊವೀನಾ ಕಾಣದವಳಂತೆ ಅನುಸೂಯಳ ಮೊಣಕೈ ಹಿಡಿದು ಎಬ್ಬಿಸಿದಳು. ಹಾಲಿನಿಂದ ಮುಂಬಾಗಿಲಿಗೆ ಹತ್ತು ಹೆಜ್ಜೆ. ಓಡಬಾರದು ಎಂದು ತನಗೆ ತಾನೇ ಹೇಳಿಕೊಳ್ಳುತ್ತ ನಡೆದಳು. ಹಿಂದೆ ಗಾಜಿನ ಬಾಗಿಲು ಜಾರುವ ಸದ್ದಾಯಿತು.

"ಅನುಸೂಯ," ಎಂದರು ಲಕ್ಷ್ಮೀಶ. ಕೂಗಲಿಲ್ಲ. "ಚಪ್ಪಲಿ ಹಾಕ್ಕೊಂಡು ಹೋಗು."

ಅನುಸೂಯ ಹೊಸ್ತಿಲಲ್ಲಿ ನಿಂತುಬಿಟ್ಟಳು. ಇಷ್ಟು ವರ್ಷ ಆ ದನಿಗೆ ನಿಂತ ಕಾಲು. ರೊವೀನಾ ಎಳೆದಳು, ಆ ಕಾಲು ಕದಲಲಿಲ್ಲ. ಹಿಂದಿನಿಂದ ಹೆಜ್ಜೆಗಳು ಅವಸರವಿಲ್ಲದೆ ಹತ್ತಿರ ಬಂದವು. ಆಮೇಲೆ ಏನಾಯಿತೋ, ಅನುಸೂಯಳೇ ತಲೆಯ ಟೋಪಿ ಕಿತ್ತು ಹೊಸ್ತಿಲ ಮೇಲೆ ಎಸೆದು, ಬರಿಗಾಲಲ್ಲಿ ಹೊಸ ಹುಲ್ಲಿನ ಮೇಲೆ ಓಡಿದಳು. ರೊವೀನಾ ಹಿಂದೆಯೇ ಓಡಿ ಟ್ಯಾಕ್ಸಿ ಹತ್ತಿದಳು. ಅಲ್ಲಲ್ಲಿ ಬೋಳಾದ ಆ ತಲೆಯನ್ನು ನೋಡಿದವನೇ ಡ್ರೈವರ್ ಏನೂ ಕೇಳದೆ ಗಾಡಿ ಬಿಟ್ಟ.

ಪೊಲೀಸ್ ಠಾಣೆಯಲ್ಲಿ ಐದು ಗಂಟೆ ಕೂತರು. ಈ ಸಲ ಅನುಸೂಯ ಎಲ್ಲವನ್ನೂ ಹೇಳಿದಳು. ಅವಳನ್ನು ಆಶ್ರಯಮನೆಯೊಂದಕ್ಕೆ ಕರೆದೊಯ್ದರು. ವಿಳಾಸ ಯಾರಿಗೂ ಹೇಳುವುದಿಲ್ಲ ಎಂದರು. ಲಕ್ಷ್ಮೀಶ ಅವಳ ಹತ್ತಿರ ಸುಳಿಯಬಾರದೆಂದು ಕೋರ್ಟಿನ ಆದೇಶವಾಯಿತು, ಅಷ್ಟೆ. ಅದರಲ್ಲಿ ಪ್ಯಾರಮಟ್ಟಾದ ಅಂಗಡಿಯ ಮಾತಿರಲಿಲ್ಲ.

ಜುಲೈನ ಮೊದಲ ಶನಿವಾರ ಲಕ್ಷ್ಮೀಶ ಮೆಲ್ಬರ್ನಿನಿಂದ ಬಂದು ಅಂಗಡಿಯ ಎದುರಿನ ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತರು. ಅದೇ ಇಸ್ತ್ರಿಯ ಕೋಟು. ಒಂದು ಸಲ ಮಾತ್ರ ಒಳಗೆ ಬಂದು, "ಅರ್ಜೆಂಟ್ ಏನಿಲ್ಲ. ಮುಗಿದಾಗ ಹೇಳಿ, ಕಾಯ್ತೀನಿ," ಎಂದು ಹೋಗಿ ಮತ್ತೆ ಕೂತರು. ಬಸ್ಸುಗಳು ಬಂದವು, ಹೋದವು. ಅವರು ಹತ್ತಲಿಲ್ಲ. ಬೆಂಚಿನ ಮೇಲೆ ಕೂರುವುದು ಅಪರಾಧವಲ್ಲ ಎಂದರು ಪೊಲೀಸರು.

ಚಿತ್ರವನ್ನು ಏನು ಮಾಡಬೇಕೆಂದು ಆಶ್ರಯಮನೆಯ ಕಾರ್ಯಕರ್ತೆಯ ಮೂಲಕ ಕೇಳಿಸಿದಾಗ ಅನುಸೂಯಳಿಂದ ಒಂದೇ ಮಾತು ಬಂತು: ಬಿಚ್ಚಿಬಿಡಿ. ಹೊಲಿಯುವುದಕ್ಕಿಂತ ಬಿಚ್ಚುವುದು ಕಷ್ಟ. ಆ ಹೊಲಿಗೆಯಲ್ಲಿ ಎಳೆಯ ತುದಿಯೇ ಸಿಗುವುದಿಲ್ಲ. ಮಿಸೆಸ್ ಶೆನ್ ಮತ್ತು ರೊವೀನಾ ಚೌಕಟ್ಟನ್ನು ಕಿಟಕಿಯ ಹತ್ತಿರ, ಬೀದಿಗೆ ಕಾಣುವಂತೆ ತಂದಿಟ್ಟುಕೊಂಡು, ಮೊದಲು ಕೂದಲು, ಆಮೇಲೆ ಕೆನ್ನೆ, ಆಮೇಲೆ ತುಟಿ ಎಂದು ಬಿಚ್ಚಿದರು. ನಾಲ್ಕು ಶನಿವಾರ ಲಕ್ಷ್ಮೀಶ ಎದುರಿನ ಬೆಂಚಿನಿಂದ ಅದನ್ನು ನೋಡಿದರು. ಐದನೆಯ ಶನಿವಾರ ಚೌಕಟ್ಟಿನಲ್ಲಿ ಬರೀ ರೇಷ್ಮೆ ಉಳಿಯಿತು, ಅಲ್ಲಲ್ಲಿ ಸೂಜಿಯ ತೂತುಗಳು.

ಆ ದಿನ ಬೆಂಚು ಖಾಲಿಯಿತ್ತು. ಹತ್ತಾಯಿತು, ಹನ್ನೆರಡಾಯಿತು. ಅವರು ಕೂತಿದ್ದಾಗ ಆಗದ ಹೆದರಿಕೆ ರೊವೀನಾಳಿಗೆ ಈಗ ಆಯಿತು. ಕಾರ್ಯಕರ್ತೆಗೆ ಫೋನ್ ಮಾಡಿದಳು.

"ಲಕ್ಷ್ಮೀಶ ಇಲ್ಲಿಗೆ ಬಂದಿಲ್ಲ ಇವತ್ತು," ಎಂದಳು ಇಂಗ್ಲಿಷಿನಲ್ಲಿ. "ಎಲ್ಲಿದ್ದಾರೋ ಗೊತ್ತಿಲ್ಲ."

ಆ ಕಡೆ ಕಾಗದ ಸರಿದ ಸದ್ದು. "ಅನುಸೂಯ ಬುಧವಾರವೇ ಬೇರೆ ರಾಜ್ಯಕ್ಕೆ ಹೋದರು," ಎಂದಳು ಆಕೆ. "ಇದಕ್ಕಿಂತ ಹೆಚ್ಚು ಹೇಳಲಾರೆ. ಇನ್ನು ಈ ನಂಬರಿಗೆ ಮಾಡಬೇಡಿ. ನೀವೂ ಸ್ವಲ್ಪ ಜೋಪಾನ."

ಫೋನ್ ಇಟ್ಟಾಗ ಅಂಗಡಿಯ ಬಾಗಿಲ ಗಂಟೆ ಕಿಣಿ ಎಂದಿತು. ಮಿಸೆಸ್ ಶೆನ್ ಕತ್ತರಿಯ ಮೇಲೆ ಕೈಯಿಟ್ಟು ಒಳಗಿನಿಂದ ಇಣುಕಿದರು. ಸ್ಕರ್ಟು ಗಿಡ್ಡ ಮಾಡಿಸಲು ಬಂದ ಕಾಲೇಜು ಹುಡುಗಿ. ರೊವೀನಾ ಅವಳ ಹಿಂದಿನ ಬೀದಿಯನ್ನು ಒಂದು ಸಲ ನೋಡಿ, ಆಮೇಲೆ ಟೇಪು ಕೈಗೆತ್ತಿಕೊಂಡಳು.