ನೂರ ನಲವತ್ತಮೂರು ಗೆಲುವು

ಮೈದಾನದ ಹಿಂದಿನ ಶಿಲುಬೆಯ ಬುಡದಲ್ಲಿ ಮೇಣದ ಬತ್ತಿ ಹಚ್ಚಿ, ಎದುರು ತಂಡ ಗೆಲ್ಲಲಿ ಎಂದು ಅವೆಲೀನೊ ಬೇಡಿಕೊಂಡ. ಬೇಡಿಕೊಂಡ ಮೇಲೆ ಯಾರಾದರೂ ಕೇಳಿಸಿಕೊಂಡರೋ ಎಂದು ಸುತ್ತ ನೋಡಿದ. ಶನಿವಾರದ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಗೆರೆ ಎಳೆಯುವ ಸುಣ್ಣದ ಬಕೆಟ್ಟೊಂದನ್ನು ಬಿಟ್ಟರೆ ಮೈದಾನ ಖಾಲಿ. ಊರಿನ ತಂಡದ ಆಟವಿದ್ದ ದಿನ ಕೋಚ್ ಆದವನು ಇಲ್ಲಿ ಬತ್ತಿ ಹಚ್ಚಬೇಕು. ಹತ್ತೊಂಬತ್ತು ವರ್ಷ ಅವನೇ ಹಚ್ಚಿದ್ದ. ಈಗ ಹದಿನಾಲ್ಕು ವರ್ಷದಿಂದ ಜೆಫೆರಿನ್ ಹಚ್ಚುತ್ತಾನೆ. ಅವನ ಬತ್ತಿ ಆಗಲೇ ಉರಿಯುತ್ತಿತ್ತು, ಅದೂ ದಪ್ಪನೆಯದು. ಅವೆಲೀನೊ ತಂದದ್ದು ಬೆರಳಿನಷ್ಟೂ ಇಲ್ಲದ ಬತ್ತಿ. ಅದಕ್ಕೂ ಅವನ ಹೊಟ್ಟೆ ಉರಿಯಿತು.

ಲೀಗಿನಲ್ಲಿ ಎಲ್ಲರಿಗಿಂತ ಹೆಚ್ಚು ಪಂದ್ಯ ಗೆಲ್ಲಿಸಿದ ಕೋಚ್ ಯಾರು ಎಂದು ಸಾಷ್ಟಿ ತಾಲೂಕಿನಲ್ಲಿ ಯಾರನ್ನು ಕೇಳಿದರೂ ಅವೆಲೀನೊ ಫುರ್ತಾದೊ ಎನ್ನುತ್ತಿದ್ದರು. ನೂರ ನಲವತ್ತಮೂರು ಗೆಲುವು. ಹೋದ ಭಾನುವಾರ ಜೆಫೆರಿನನದೂ ನೂರ ನಲವತ್ತಮೂರಾಯಿತು. ಈವತ್ತು ಗೆದ್ದರೆ ಮೊದಲ ಹೆಸರು ಅವನದು.

ಈ ಜೆಫು ಮೊದಲು ಅವೆಲೀನೊನ ಗೋಲ್‌ಕೀಪರ್, ಮಂಡಿ ಮುರಿದ ಮೇಲೆ ಸಹಾಯಕ, ಅವನು ಬಿಟ್ಟ ಮೇಲೆ ಅವನ ಜಾಗಕ್ಕೆ ಬಂದವನು. ಐವತ್ತೇಳಕ್ಕೂ ತಲೆ ತುಂಬ ಕರಿ ಕೂದಲು. ಬಣ್ಣ ಹಚ್ಚುತ್ತಾನೆಂದು ಅವೆಲೀನೊ ಕಂಡವರಿಗೆಲ್ಲ ಹೇಳಿದ್ದ. ಹಚ್ಚುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಇಬ್ಬರ ನಡುವೆ ಹಳೆಯ ಗುಟ್ಟೊಂದಿತ್ತು. ಪೆನಾಲ್ಟಿ ಬಂದಾಗ ಕೀಪರ್ ಜೆಫು ಒಮ್ಮೆ ಕೋಚ್ ಕಡೆ ನೋಡುತ್ತಿದ್ದ. ಅವೆಲೀನೊ ಎಡಗಿವಿ ಹಿಡಿದರೆ ಎಡಕ್ಕೆ ಹಾರಬೇಕು, ಬಲಗಿವಿ ಹಿಡಿದರೆ ಬಲಕ್ಕೆ. ಒದೆಯುವವನ ಹೆಜ್ಜೆ ನೋಡಿಯೇ ದಿಕ್ಕು ಹೇಳುವ ಕಣ್ಣು ಅವೆಲೀನೊನದು. ಜೆಫು ಕೋಚ್ ಆದ ಮೇಲೂ ಇದು ನಿಲ್ಲಲಿಲ್ಲ: ಎದುರು ತಂಡಕ್ಕೆ ಪೆನಾಲ್ಟಿ ಸಿಕ್ಕಿದಾಗೆಲ್ಲ ಅವನು ಹಿಂತಿರುಗಿ ಅವೆಲೀನೊ ಕೂರುವ ಮೆಟ್ಟಿಲಿನ ಮೂರನೇ ಸಾಲು ನೋಡುತ್ತಾನೆ, ಅಲ್ಲಿ ಕಂಡದ್ದನ್ನು ತನ್ನ ಕೀಪರಿಗೆ ದಾಟಿಸುತ್ತಾನೆ. ಇದು ಗೊತ್ತಿದ್ದ ಇನ್ನೊಬ್ಬಳು ಅವೆಲೀನೊನ ಹೆಂಡತಿ ಅರ್ಮಿಂದಾ ಮಾತ್ರ.

ದಾರಿಯಲ್ಲಿ ಮೀನಿನ ಕುಸ್ತೊದಿನ್ ಬುಟ್ಟಿ ಇಳಿಸಿ ಕುಳಿತಿದ್ದಳು.

"ಏನು ಕೋಚ್ ಬಾಬ್, ನಿಮ್ಮ ದಾಖಲೆಗೆ ಈವತ್ತು ಸಾವಿನ ಗಂಟೆ ಹೊಡೀತಾರಂತಲ್ಲ? ಬ್ಯಾಂಡಿನವರೂ ಬರ್ತಾರಂತೆ. ಶಾಲು ಹೊದೆಸೋದು ನೀವೇ ಅಂತೆ."

"ಆಟ ಮುಗೀಲಿ ಮೊದಲು."

"ಮುಗಿದ ಹಾಗೇ ಬಿಡಿ. ನೋಡಿ, ಜೆಫು ಬಾಬನಿಗೆ ಅಂತ ಈ ದೊಡ್ಡ ಇಸ್ವಾಣ ಮೀನು ತೆಗೆದಿಟ್ಟೆ. ನಿಮಗೆ ಬಂಗುಡೆ ಕೊಡ್ಲಾ?"

ಬಂಗುಡೆ ಬೇಡವೆಂದು ಬರಿಗೈಯಲ್ಲಿ ಮನೆಗೆ ಬಂದರೆ ಜಗಲಿಯಲ್ಲಿ ಮಡಗಾಂವಿನ ಪತ್ರಿಕೆಯ ಶೆರಿಲ್ ಕುಳಿತಿದ್ದಳು. ಲೀಗಿನ ಕೋಚ್‌ಗಳೆಲ್ಲರ ಪಟ್ಟಿ ಮಾಡುವುದು ಅವಳ ಕೆಲಸ: ಯಾರು ಎಷ್ಟು ಆಡಿಸಿದರು, ಎಷ್ಟು ಗೆದ್ದರು, ಎಷ್ಟು ಸೋತರು. ನೂರ ನಲವತ್ತಮೂರು ಎಂಬುದು ಕ್ಲಬ್ಬಿನ ಗೋಡೆಯ ಹಲಗೆಯ ಮೇಲಿತ್ತೇ ಹೊರತು ಎಲ್ಲಿಯೂ ಕಾಗದವಿರಲಿಲ್ಲ. ಕಾಗದವಿದ್ದದ್ದು ಅರ್ಮಿಂದಾಳ ಪೆಟ್ಟಿಗೆಯಲ್ಲಿ. ವರ್ಷಕ್ಕೊಂದರಂತೆ ಮೂವತ್ತಮೂರು ನೋಟ್‌ಬುಕ್ಕು. ಗಂಡ ಸೋತ ಆಟವನ್ನೂ ಬರೆದಿಡುವ ಹೆಂಗಸಿನ ಪುಸ್ತಕ ತಾನೇಕೆ ಓದಲಿ ಎಂದು ಅವೆಲೀನೊ ಒಂದನ್ನೂ ತೆರೆದವನಲ್ಲ.

"ಅಂಕಲ್, ಎರಡು ಸಲ ಕೂಡಿಸಿದೆ," ಎಂದಳು ಶೆರಿಲ್. "ನನಗೆ ನೂರ ಮೂವತ್ತಾರೇ ಸಿಗ್ತಾ ಉಂಟು."

"ಸರಿಯಾಗಿ ನೋಡು. ಅವಳ ಅಕ್ಷರ ಕೋಳಿ ಕೆದಕಿದ ಹಾಗಿರ್ತದೆ."

"ಅಕ್ಷರ ಚೆನ್ನಾಗುಂಟು. ತೊಂಬತ್ತಾರರಲ್ಲಿ ಹನ್ನೊಂದು ಆಟಕ್ಕೆ ಕೋಚ್ ಅನ್ನೋ ಜಾಗದಲ್ಲಿ ಜೆಫೆರಿನ್ ಅಂತ ಬರೆದಿದ್ದಾರೆ ಆಂಟಿ. ಅದರಲ್ಲಿ ಏಳು ಗೆಲುವು."

ಅವೆಲೀನೊ ಹೆಂಡತಿಯ ಕಡೆ ತಿರುಗಿದ. ಅವಳು ಸೆರಗಿಲ್ಲದ ಉದ್ದನೆಯ ಅಂಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದಳು.

"ಆಗ ನಿಮಗೆ ಕಾಮಾಲೆ," ಎಂದಳು. "ಎರಡೂವರೆ ತಿಂಗಳು ಆಸ್ಪತ್ರೆಲಿ ಮಲಗಿದ್ರಿ. ಆಟದ ಹಾಳೆಗೆ ಸಹಿ ಹಾಕಿದ್ದು ಅವನು, ಬೆಂಚಲ್ಲಿ ನಿಂತದ್ದೂ ಅವನು. ಮತ್ತೆ ಯಾರ ಹೆಸರು ಬರೀಲಿ?"

"ತಂಡ ನನ್ನದು ಮಾರಾಯ್ತಿ! ಕಟ್ಟಿದ್ದು ನಾನು!"

"ಕಟ್ಟಿದವರು ಯಾರು ಅಂತ ಬರೆಯೋ ಪುಸ್ತಕ ಅಲ್ಲ ಅದು. ನಾನು ಹನ್ನೊಂದಕ್ಕೂ ಹೋಗಿದ್ದೆ. ಕಣ್ಣಾರೆ ನೋಡಿದ್ದನ್ನ ಬರೆದೆ."

ಅವನಿಗೆ ನೆನಪಾಯಿತು. ಮೈಯೆಲ್ಲ ಹಳದಿಯಾಗಿ ಮಲಗಿದ್ದಾಗ ಪ್ರತಿ ಆಟದ ಸಂಜೆ ಬಂದು ಒಂದೊಂದು ಗೋಲನ್ನೂ ಕಣ್ಣಿಗೆ ಕಟ್ಟಿದ ಹಾಗೆ ಹೇಳುತ್ತಿದ್ದಳು. ರೇಡಿಯೋ ಕೇಳಿ ಹೇಳುತ್ತಾಳೆಂದು ಅವನು ತಿಳಿದಿದ್ದ. ಇಪ್ಪತ್ತೆಂಟು ವರ್ಷದ ಮೇಲೆ, ಅವಳು ಆ ಹನ್ನೊಂದು ಸಂಜೆ ಜೆಫುವಿನ ಗೆಲುವಿಗೆ ಚಪ್ಪಾಳೆ ತಟ್ಟಿರಬೇಕೆಂದು ಈಗ ಅವನಿಗೆ ಹೊಳೆಯಿತು.

"ಇದು ಸರಿ ಅಂದ್ರೆ ಜೆಫು ಅಂಕಲ್‌ದು ನೂರ ಐವತ್ತು," ಎಂದು ಶೆರಿಲ್ ಮೆಲ್ಲಗೆ ಹೇಳಿದಳು. "ಹೋದ ವರ್ಷವೇ ನಿಮ್ಮನ್ನ ದಾಟಿ ಆಗಿದೆ. ಪುಸ್ತಕ ನಿಮ್ಮ ಮನೇದು, ನೀವು ಹೇಳಿದ ಮೇಲೇ ಬರೀತೇನೆ. ಆಟ ಮುಗಿಸ್ಕೊಂಡು ಆರೂವರೆಗೆ ಬರ್ತೇನೆ."

ಅವಳ ಸ್ಕೂಟರ್ ಗೇಟು ದಾಟುವವರೆಗೆ ಕಾದು ಅವೆಲೀನೊ ಕೇಳಿದ:

"ಅವನಿಗೆ ಗೊತ್ತುಂಟಾ?"

"ಗೊತ್ತಿಲ್ಲದೆ ಏನು? ನೀವು ಬಿಟ್ಟ ವರ್ಷ ಹಲಗೆ ಬರೆಸುವಾಗ ನಾನೇ ಹೇಳಿದ್ದೆ. 'ಇರಲಿ ಅಕ್ಕಾ, ಆ ಏಳೂ ಕೋಚ್‌ದೇ ಇರಲಿ. ಪುಸ್ತಕ ಅವರ ಕಣ್ಣಿಗೆ ಬೀಳೋದು ಬೇಡ' ಅಂದ."

ಕಸಿದುಕೊಂಡಿದ್ದರೆ ಬಯ್ಯಬಹುದಿತ್ತು. ಜೆಫು ಏಳು ಗೆಲುವನ್ನು ಭಿಕ್ಷೆಯ ಹಾಗೆ ಅವನ ಜೋಳಿಗೆಗೆ ಹಾಕಿ ಹದಿನಾಲ್ಕು ವರ್ಷ ಬಾಯಿ ಬಿಟ್ಟಿರಲಿಲ್ಲ. ಆಟದಲ್ಲಿ ಗೆದ್ದದ್ದು ಸಾಲದೆಂದು ದೊಡ್ಡತನದಲ್ಲೂ ಗೆಲ್ಲಬೇಕೇ ಇವನು? ಅವೆಲೀನೊ ಊಟ ಮಾಡಲಿಲ್ಲ. ವಾರವೆಲ್ಲ ಊಟದ ಹೊತ್ತಿಗೆ ಎದುರು ತಂಡದ ಲ್ಯಾರಿಸನ್ ಬಗ್ಗೆ ಹೆಂಡತಿಯ ತಲೆ ತಿಂದಿದ್ದ: ಆ ಹುಡುಗ ಪೆನಾಲ್ಟಿ ಹೊಡೆದರೆ ಕೀಪರನ ಎಡಕ್ಕೇ, ಐದಕ್ಕೆ ಐದೂ ಎಡಕ್ಕೆ. ಈವತ್ತು ಅದನ್ನೂ ಹೇಳಲಿಲ್ಲ.

ನಾಲ್ಕು ಗಂಟೆಗೆ ಆಟ ಶುರುವಾಯಿತು. ಮೂರನೇ ಸಾಲಿನಲ್ಲಿ ಅರ್ಮಿಂದಾ ಅವನ ಪಕ್ಕ ಕುಳಿತಿದ್ದಳು. ಮೈದಾನದ ಮೂಲೆಯಲ್ಲಿ ಬ್ಯಾಂಡಿನವರು ಬಿಳಿ ಅಂಗಿ ತೊಟ್ಟು, ಮಡಿಲಲ್ಲಿ ತುತ್ತೂರಿ ಇಟ್ಟುಕೊಂಡು ಕಾಯುತ್ತಿದ್ದರು. ಕ್ಲಬ್ಬಿನವರು ಶಾಲಿನ ಪೊಟ್ಟಣ ತಂದು ಅವೆಲೀನೊನ ತೊಡೆಯ ಮೇಲೆ ಇಟ್ಟು ಹೋದರು. ಎಪ್ಪತ್ತನೆಯ ನಿಮಿಷಕ್ಕೆ ಊರಿನ ತಂಡ ಗೋಲು ಹೊಡೆಯಿತು. ಎಲ್ಲರೂ ಎದ್ದು ಕುಣಿದರು. ಶಾಲು ಬೀಳುತ್ತದೆಂಬ ನೆಪದಲ್ಲಿ ಅವೆಲೀನೊ ಏಳಲಿಲ್ಲ.

ಎಂಬತ್ತೊಂಬತ್ತನೆಯ ನಿಮಿಷಕ್ಕೆ ಊರಿನ ಆಟಗಾರನೊಬ್ಬ ಚೌಕದೊಳಗೆ ಎದುರಾಳಿಯ ಕಾಲಿಗೆ ಅಡ್ಡ ಬಂದ. ಸೀಟಿ. ಪೆನಾಲ್ಟಿ.

ಲ್ಯಾರಿಸನ್ ಚೆಂಡು ಇಟ್ಟ. ಬೆಂಚಿನ ಪಕ್ಕ ನಿಂತಿದ್ದ ಜೆಫು ಹಿಂತಿರುಗಿ ಮೂರನೇ ಸಾಲಿನ ಕಡೆ ನೋಡಿದ. ಅದೇ ನೋಟ. ಇಪ್ಪತ್ತೈದರ ವಯಸ್ಸಿನಲ್ಲಿ ಕೈಗವಸು ತೊಟ್ಟು ನೋಡುತ್ತಿದ್ದನಲ್ಲ, ಹಾಗೆಯೇ, ಒಂದು ಚೂರೂ ಅನುಮಾನವಿಲ್ಲದೆ.

ಅವೆಲೀನೊ ಬಲಗಿವಿ ಹಿಡಿದ.

ಜೆಫು ತನ್ನ ಬಲಗಿವಿ ಮುಟ್ಟಿಕೊಂಡ. ಕೀಪರ್ ಬಲಕ್ಕೆ ಹಾರಿದ. ಚೆಂಡು ಎಡಕ್ಕೆ, ನಿಧಾನವಾಗಿ, ನೆಲಕ್ಕಂಟಿಕೊಂಡೇ ಬಲೆಗೆ ಹೋಯಿತು.

ಒಂದಕ್ಕೆ ಒಂದು. ಆಟ ಹಾಗೆಯೇ ಮುಗಿಯಿತು. ದಾಖಲೆ ಉಳಿಯಿತು. ವಾರವಿಡೀ ಬಯಸಿದ್ದು ಕೈಗೆ ಬಂದಿತ್ತು. ಕೈಯಲ್ಲಿ ಇದ್ದದ್ದು ಮಾತ್ರ ಬೆವರಿಗೆ ಒದ್ದೆಯಾದ ಶಾಲಿನ ಪೊಟ್ಟಣ. ಜನ ಇಳಿಯುತ್ತಿದ್ದಾಗ ಜೆಫು ಅವರಿಗೆ ಎದುರಾಗಿ, ಕೆಟ್ಟ ಮಂಡಿಯನ್ನು ಎಳೆಯುತ್ತ ಮೆಟ್ಟಿಲು ಹತ್ತಿ ಬಂದ.

"ಬಿಡಿ ಕೋಚ್, ಬೇಜಾರು ಮಾಡ್ಕೋಬೇಡಿ," ಎಂದು ಅವನ ಹೆಗಲು ಹಿಡಿದ. "ಆ ಪೋರ ಕೊನೇ ಗಳಿಗೆಲಿ ಕಾಲು ತಿರುಗಿಸಿದ. ನಾನೂ ಬಲಕ್ಕೇ ಅಂದ್ಕೊಂಡಿದ್ದೆ. ನಿಮ್ಮ ತಪ್ಪಲ್ಲ."

ಅವೆಲೀನೊ ತಲೆ ಆಡಿಸಿದ. ಅರ್ಮಿಂದಾ ಇಬ್ಬರನ್ನೂ ನೋಡಲಿಲ್ಲ.

ಮನೆಗೆ ಬಂದವಳೇ ಊಟದ ಮೇಜಿನ ಮೇಲೆ ಈ ವರ್ಷದ ನೋಟ್‌ಬುಕ್ಕು ತೆರೆದು ಕುಳಿತಳು. ತಾರೀಖು ಬರೆದಳು. ಕೋಚ್ ಎಂಬಲ್ಲಿ ಜೆಫೆರಿನ್ ಎಂದು ಬರೆದಳು. ಪೆನ್ನು ಒಂದು ಗಳಿಗೆ ನಿಂತು ಮತ್ತೆ ಓಡಿತು. ಮುಗಿದ ಮೇಲೆ ಪುಸ್ತಕವನ್ನು ಅವನ ಕಡೆ ತಿರುಗಿಸಿ ಇಟ್ಟು, ದೀಪ ಹಾಕಿ, ಅಡುಗೆಮನೆಗೆ ಹೋದಳು.

ಅವೆಲೀನೊ ಕನ್ನಡಕ ಹಾಕಿಕೊಂಡು ಮೊದಲ ಬಾರಿಗೆ ಅವಳ ಪುಸ್ತಕ ಓದಿದ. ಎಂಬತ್ತೊಂಬತ್ತನೆಯ ನಿಮಿಷ, ಪೆನಾಲ್ಟಿ, ಗೋಲು, ಕೀಪರನ ಎಡಕ್ಕೆ. ಅದರ ಮುಂದೆ ಅದೇ ದುಂಡನೆಯ ಅಕ್ಷರದಲ್ಲಿ: ಬಲಗಿವಿ ಹಿಡಿದದ್ದು ಅವೆಲೀನೊ.

ಹೊರಗೆ ಸ್ಕೂಟರ್ ನಿಂತಿತು. ಅವನು ಆ ಹಾಳೆಯ ಮೇಲೆ ಅಂಗೈ ಊರಿದ. ನಂತರ ಎದ್ದು ಪೆಟ್ಟಿಗೆಯಿಂದ ತೊಂಬತ್ತಾರರ ನೋಟ್‌ಬುಕ್ಕು ಹುಡುಕಿ ತೆಗೆದ. ಎರಡನ್ನೂ ಹಿಡಿದು ಜಗಲಿಗೆ ಬಂದು ಶೆರಿಲ್‌ಳ ಮುಂದೆ ಇಟ್ಟ.

"ಯಾವ ಸಂಖ್ಯೆ ಹಾಕ್ಲಿ ಅಂಕಲ್?"

"ಎರಡೂ ಓದು," ಎಂದ. "ಈವತ್ತಿನದ್ದು ಕೊನೇವರೆಗೂ ಓದು. ಆ ಕಿವಿಯ ವಿಷಯ ನಾನೇ ಹೇಳ್ತೇನೆ."

ಅವಳು ಓದತೊಡಗಿದಳು. ಅವೆಲೀನೊ ರಸ್ತೆ ನೋಡುತ್ತ ಕುಳಿತ. ಬ್ಯಾಂಡಿನವರು ಊದದೆ ಉಳಿದ ತುತ್ತೂರಿಗಳನ್ನು ಕಂಕುಳಲ್ಲಿ ಇರುಕಿಕೊಂಡು ಬಸ್ಸಿಗೆ ಹೋಗುತ್ತಿದ್ದರು. ಅವರಲ್ಲೊಬ್ಬ ಇವನ ಗುರುತು ಹಿಡಿದು ಟೋಪಿ ಎತ್ತಿದ. ಅವೆಲೀನೊ ತಾನೂ ಕೈ ಎತ್ತಲು ಹೋದ. ಕೈ ಕಿವಿಯ ಹತ್ತಿರ ಬಂದಾಗ ಕೆಳಗಿಳಿಸಿ ಮಡಿಲಲ್ಲಿಟ್ಟುಕೊಂಡ.