ಮತ್ತೇನು, ಪುಟ್ಟಿ?

“ಕನ್ನಡಕ ತೆಗೀಬೇಕಲ್ವೇನೇ?” ಎಂದು ಸೋದರತ್ತೆ ಚಾಪೆಯ ಮೇಲೆ ಮಲಗಿಸಿದ್ದ ಅಪ್ಪನ ದೇಹದತ್ತ ಕೈ ಚಾಚಿದಾಗ ಮಗಳು ಅಡ್ಡ ಬಂದಳು.

“ಇರ್ಲಿ ಅತ್ತೆ. ಅದಿಲ್ದೆ ಅಪ್ಪಂಗೆ ಯಾರ ಮುಖಾನೂ ಕಾಣಲ್ಲ.”

ಅತ್ತೆ ಕೈ ಹಿಂದೆಗೆದುಕೊಂಡು ಮೂಗೊರೆಸಿಕೊಂಡರು.

ಹಜಾರದ ತುಂಬ ಅಪ್ಪನ ಹಳೆಯ ವಿದ್ಯಾರ್ಥಿಗಳೇ. ಹಾಗಂತ ಅಪ್ಪ ಯಾರಿಗೂ ಪಾಠ ಮಾಡಿದವರಲ್ಲ. ವಿಶ್ವವಿದ್ಯಾಲಯದ ವಿದ್ಯಾರ್ಥಿ ಮಾರ್ಗದರ್ಶನ ಕೇಂದ್ರದಲ್ಲಿ ಆಯುಷ್ಯ ಸವೆಸಿದವರು. ಫೇಲಾದವರು, ಮನೆ ನೆನೆದು ಅಳುವವರು, ತಪ್ಪು ಕೋರ್ಸಿಗೆ ಸೇರಿ ಒದ್ದಾಡುವವರು, ಯಾರೇ ಬಾಗಿಲಲ್ಲಿ ನಿಂತರೂ “ಮೊದ್ಲು ಕೂತ್ಕೋ” ಅನ್ನುತ್ತಿದ್ದರು. ಹುಡುಗರ ಬಾಯಲ್ಲಿ ಅವರ ಹೆಸರೇ ‘ಕೂತ್ಕೋ ಸರ್’ ಎಂದಾಗಿತ್ತು.

“ನಾನು ಎಂಜಿನಿಯರಿಂಗ್ ಬಿಡ್ತೀನಿ ಅಂದಾಗ ನಮ್ಮಪ್ಪ ಇವರ ಹತ್ರ ಜಗಳಕ್ಕೆ ಅಂತ್ಲೇ ಬಂದ್ರು,” ಎಂದಳು ನರ್ಸ್ ಒಬ್ಬಳು. “ಒಳಗೆ ಹೋದೋರು ಎಷ್ಟೊತ್ತಾದ್ರೂ ಬರ್ಲೇ ಇಲ್ಲ. ಇಣುಕಿ ನೋಡಿದ್ರೆ ನಮ್ಮಪ್ಪಾನೇ ಕೂತು ಅಳ್ತಿದಾರೆ, ಸರ್ ನೀರು ಕೊಡ್ತಿದಾರೆ!”

ಸುತ್ತಲಿದ್ದವರು ಅಳುವಿನ ನಡುವೆಯೂ ನಕ್ಕರು. ಮಗಳೂ ನಕ್ಕಂತೆ ಮಾಡಿದಳು. ಅವಳು ಎಂಜಿನಿಯರಿಂಗ್ ಬಿಟ್ಟಿರಲಿಲ್ಲ. ಕಾಂಕ್ರೀಟ್ ತುಂಡುಗಳನ್ನು ಯಂತ್ರದಡಿ ಇಟ್ಟು, ಎಷ್ಟು ಭಾರಕ್ಕೆ ಒಡೆಯುತ್ತವೆಂದು ನೋಡುವ ಪ್ರಯೋಗಾಲಯದಲ್ಲಿ ಅವಳ ಕೂದಲು ನರೆಯತೊಡಗಿತ್ತು.

*

ಎರಡನೇ ವರ್ಷದಲ್ಲಿ ಅವಳು ತರಗತಿಗೆ ಹೋಗುವುದನ್ನೇ ನಿಲ್ಲಿಸಿದ್ದಳು. ಬೆಳಿಗ್ಗೆ ಡಬ್ಬಿ ಹಿಡಿದು ಹೊರಟವಳು ಬಸ್ಸಿನ ಕೊನೆಯ ನಿಲ್ದಾಣದವರೆಗೆ ಹೋಗಿ ಅದೇ ಬಸ್ಸಿನಲ್ಲಿ ವಾಪಸು ಬರುತ್ತಿದ್ದಳು. ಅಮ್ಮನಿಲ್ಲದ ಮನೆಯಲ್ಲಿ ಅಪ್ಪನೆದುರು ಈ ಓದು ಬೇಡವೆನ್ನಲು ಬಾಯಿ ಬರಲಿಲ್ಲ. ಕೊನೆಗೊಂದು ದಿನ ಮನಸ್ಸು ಗಟ್ಟಿ ಮಾಡಿ ಕೇಂದ್ರಕ್ಕೇ ಹೋದಳು. ಹೊರಗಿನ ಬೆಂಚಿನ ಮೇಲೆ ಉಳಿದ ಹುಡುಗರ ಜೊತೆ ಸರದಿಗೆ ಕಾಯುತ್ತ, ಹೇಳಬೇಕಾದ್ದನ್ನು ಒಳಗೊಳಗೇ ಉರು ಹೊಡೆದಳು.

ಬಾಗಿಲಲ್ಲಿ ನಿಂತ ಅವಳನ್ನೊಮ್ಮೆ, ಅವಳ ಚೀಲವನ್ನೊಮ್ಮೆ ಅಪ್ಪ ನೋಡಿದರು. ಆಮೇಲೆ, “ಏನು ಪುಟ್ಟಿ, ಬೀಗದ ಕೈ ಮರೆತು ಬಂದ್ಯಾ?” ಎಂದು ಜೇಬಿಗೆ ಕೈ ಹಾಕಿದರು. ಕೂತ್ಕೋ ಎನ್ನಲಿಲ್ಲ.

“ಹೂಂ ಅಪ್ಪ,” ಎಂದಳು.

ಮರುದಿನದಿಂದ ಹಲ್ಲು ಕಚ್ಚಿ ತರಗತಿಗೆ ಹೋದಳು.

*

ವಿದ್ಯುತ್ ಚಿತಾಗಾರದ ಹೊರಗೆ ಎಲ್ಲರೂ ಕಾಯುತ್ತಿದ್ದಾಗ, ಅಪ್ಪನ ಜೊತೆ ಕೇಂದ್ರದಲ್ಲಿ ಕೆಲಸ ಮಾಡಿದ್ದ ಮೇಡಂ ಅವಳ ಪಕ್ಕಕ್ಕೆ ಬಂದರು.

“ಒಂದ್ಸಲ ನೀನು ಕೇಂದ್ರಕ್ಕೆ ಬಂದಿದ್ದೆ, ನೆನಪಿದ್ಯಾ?”

“ಬೀಗದ ಕೈ ಮರೆತಿದ್ದೆ.”

“ಇಲ್ಲಮ್ಮ. ಅದು ನಿನ್ನ ಚೀಲಕ್ಕೇ ನೇತಾಡ್ತಿತ್ತು. ಅವರು ನೋಡಿದ್ರು.”

ಮಗಳು ಅವರತ್ತ ತಿರುಗಿದಳು. “ಮತ್ತೆ ಯಾಕೆ ಹಾಗಂದ್ರು?”

“ನಾನೂ ಅದನ್ನೇ ಕೇಳಿದೆ. ‘ಊರವರ ಮಕ್ಕಳಿಗಾದ್ರೆ ಧೈರ್ಯ ಹೇಳ್ತೀನಿ ಕಣ್ರೀ. ನನ್ನ ಮಗಳೇ ಓದು ಬಿಡ್ತೀನಿ ಅಂದ್ಬಿಟ್ರೆ ನಂಗೆ ಧೈರ್ಯ ಹೇಳೋರು ಯಾರು?’ ಅಂದ್ರು. ಆಮೇಲೆ ಅದೇ ಕೊರಗು, ನೀನು ಬೇರೆ ಊರಿಗೆ ಹೋದ್ಮೇಲೂ. ಅವತ್ತು ಯಾಕೆ ಬಂದಿದ್ದೆ ಅಂತ ಈ ಭಾನುವಾರ ಫೋನಲ್ಲಿ ಕೇಳೇಬಿಡ್ತೀನಿ ಅನ್ನೋರು. ಸೋಮವಾರ ಬಂದು ಇಲ್ಲ ಅಂತ ತಲೆ ಅಲ್ಲಾಡಿಸೋರು.”

ಭಾನುವಾರ ಬಂತೆಂದರೆ ಅಪ್ಪನ ಫೋನು ತಪ್ಪುತ್ತಿರಲಿಲ್ಲ. ಊಟ ಆಯ್ತಾ, ಮಳೆ ಬಂತಾ, ಮೊಮ್ಮಗನ ಕೆಮ್ಮು ಹೇಗಿದೆ. ಎಲ್ಲ ಮುಗಿದ ಮೇಲೆ, “ಮತ್ತೇನು, ಪುಟ್ಟಿ?” ಎಂದು ಸುಮ್ಮನಾಗುತ್ತಿದ್ದರು. ಅತ್ತಲಿಂದ ಗೋಡೆ ಗಡಿಯಾರದ ಸದ್ದಷ್ಟೇ ಕೇಳುತ್ತಿತ್ತು. ವಯಸ್ಸಾದವರಿಗೆ ಫೋನ್ ಇಡಲು ಮನಸ್ಸು ಬರುವುದಿಲ್ಲ ಎಂದುಕೊಂಡು, “ಏನಿಲ್ಲಪ್ಪ, ಕೆಲ್ಸ ಇದೆ, ಇಡ್ತೀನಿ” ಎಂದು ಅವಳೇ ಇಟ್ಟುಬಿಡುತ್ತಿದ್ದಳು. ಕಳೆದ ಭಾನುವಾರವೂ.

“ಬಂದೆ ಮೇಡಂ,” ಎಂದು ಕಟ್ಟಡದ ಹಿಂಬದಿಗೆ ನಡೆದಳು. ಅಲ್ಲಿ ಯಾರೂ ಇರಲಿಲ್ಲ. ಚಕ್ರ ಕಳಚಿದ ಒಂದು ತಳ್ಳುಗಾಡಿ, ಬಾಡಿದ ಹೂವಿನ ರಾಶಿ. ಚಿಮಣಿಯ ಬುಡದ ಗೋಡೆಗೆ ಅಂಗೈ ಇಟ್ಟಳು. ಬೆಚ್ಚಗಿತ್ತು.

ಎಲ್ಲ ಮುಗಿಯಿತು, ಬಾ ಎಂದು ಅತ್ತೆ ಕರೆಯುತ್ತಿದ್ದುದು ಕೇಳಿಸಿತು. ಅವಳು ಗೋಡೆಗೆ ಹಣೆಯೊತ್ತಿ, ಅಂದು ಬೆಂಚಿನ ಮೇಲೆ ಉರು ಹೊಡೆದದ್ದನ್ನು ಸಣ್ಣ ದನಿಯಲ್ಲಿ ಮೊದಲಿನಿಂದ ಹೇಳತೊಡಗಿದಳು. ಅಂಗೈಯಡಿಯ ಇಟ್ಟಿಗೆ ಆರುತ್ತ ಬಂದಂತೆಲ್ಲ ಇನ್ನೂ ಬೇಗ ಬೇಗ ಹೇಳಿದಳು.